ಅಡುಗೆಮನೆ ಪಕ್ಕದ ಮೆಟ್ಟಿಲು

ನ್ಯೂಬೋರ್ಗ್, ೯ ಫೆಬ್ರುವರಿ ೨೦೨೫

ಪ್ರಿಯ ಟ್ರೋಲ್ಸ್,

ನಿನ್ನ ಸಹಿ ಇರುವ ಸುತ್ತೋಲೆ ಬಂತು. ಕ್ಲಿಂಟ್‌ಬೋ ಆಟಿಕೆ ಕಂಪನಿ ಇನ್ನು ಮುಂದೆ ಪ್ಲಾಸ್ಟಿಕ್ ಇಟ್ಟಿಗೆಗಳ ಯಾವ ಸೆಟ್ಟನ್ನೂ ಮಾರಾಟದ ದಿನಕ್ಕೆ ಮೊದಲು ಅಭಿಮಾನಿ ಸಂಘಗಳಿಗೆ ತೋರಿಸುವುದಿಲ್ಲ. ಚಿತ್ರ, ವಿವರ, ವದಂತಿ ಯಾವುದನ್ನೂ ನಾವು ಹಂಚಬಾರದು. ವದಂತಿಗೆ ನಿಷೇಧ ಹಾಕುವ ಅಧಿಕಾರ ಯುದ್ಧಕಾಲದ ಸರ್ಕಾರಗಳಿಗೆ ಮಾತ್ರ ಇದೆಯೆಂದು ನಾನು ತಿಳಿದಿದ್ದೆ.

ನಾನು ಗ್ರಂಥಾಲಯದಲ್ಲಿ ಆಯುಷ್ಯ ಕಳೆದವಳು. ಬೇರೆಯವರು ಮರೆತದ್ದನ್ನು ನೆನಪಿಡುವುದೇ ನನ್ನ ಉದ್ಯೋಗವಾಗಿತ್ತು. ೧೯೮೬ರ ಚಳಿಗಾಲದಲ್ಲಿ ನಿಮ್ಮ ಕಂಪನಿಯ ಯಜಮಾನ, ಮುದುಕ ಕ್ಲಿಂಟ್, ಬೂಟಿನ ಡಬ್ಬವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಸಂಘದ ಸಭಾಂಗಣಕ್ಕೆ ಬಂದಿದ್ದ. ಒಳಗೆ ಬಣ್ಣ ಹಾಕದ ಬೂದು ಇಟ್ಟಿಗೆಗಳ ಗಾಳಿಗಿರಣಿ. “ರೆಕ್ಕೆ ತಿರುಗುತ್ತಾ ನೋಡ್ರಪ್ಪ, ನಮ್ಮೋರೆಲ್ಲ ನನಗೆ ಹೆದರಿ ತಿರುಗುತ್ತೆ ಅಂತಾರೆ” ಎಂದ. ತಿರುಗುವುದಿಲ್ಲ ಎಂದೆವು. ಮುದುಕ ನಗುತ್ತಾ ಎರಡು ತುಂಡು ಕೇಕು ತಿಂದು, ಡಬ್ಬ ಕಟ್ಟಿಕೊಂಡು ಹೋಗಿ, ಸರಿಪಡಿಸಿದ. ನೀನು ಆಗ ಶಾಲೆಯ ಚೀಲ ಹೊತ್ತು ಬರುತ್ತಿದ್ದ ಸದಸ್ಯ. ಈಗ ಅದೇ ಕಂಪನಿಯಲ್ಲಿ ಸಂಘಗಳ ಸಂಪರ್ಕಾಧಿಕಾರಿ. ಸುತ್ತೋಲೆಯಲ್ಲಿ ನಮಗೆ ‘ಮಾನ್ಯ ಗ್ರಾಹಕರೇ’ ಎಂದಿದ್ದೀಯ.

ನನ್ನ ಕೋಪ ಇರಲಿ. ನಾನು ಬರೆಯುತ್ತಿರುವುದು ನಮ್ಮ ಸಂಘದ ಆಸ್ಗರ್‌ಗಾಗಿ.

ಸೆಟ್ ಮಾರಾಟಕ್ಕೆ ಬಂದ ದಿನ ನಾವೆಲ್ಲ ಒಂದೇ ಮೇಜಿಗೆ ಕೂತು ಕಟ್ಟುವುದು ನಿನಗೆ ಗೊತ್ತು. ಮೊದಲು ಮುಗಿಸಿದವರು ಕೊನೆಯ ಇಟ್ಟಿಗೆ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಕಾಯಬೇಕು. ಎಲ್ಲರದೂ ಆದಮೇಲೆ ಒಟ್ಟಿಗೆ ಒತ್ತಬೇಕು. ಆ ಒಂದು ಸದ್ದಿಗಾಗಿಯೇ ಬರುತ್ತೇನೆ ಎನ್ನುತ್ತಾನೆ ಆಸ್ಗರ್. ಅವನ ಕಣ್ಣು ಹೋದಂದಿನಿಂದ, ಕಂಪನಿ ಮೊದಲೇ ಕಳಿಸುವ ಮಾದರಿಯನ್ನು ನಾನು ಕಟ್ಟಿ, ಕೈಪಿಡಿಯ ಚಿತ್ರಗಳನ್ನೆಲ್ಲ ಮಾತಾಗಿಸಿ, ಬ್ರೈಲ್ ಯಂತ್ರದಲ್ಲಿ ಹೊಡೆದು ಕೊಡುತ್ತೇನೆ. ಅದಕ್ಕೆ ವಾರಗಳು ಬೇಕು. ಮಾದರಿ ಬರದಿದ್ದರೆ ಎಲ್ಲರೂ ಕಟ್ಟುವಾಗ ಅವನು ಕಾಫಿ ಲೋಟ ಹಿಡಿದು ಕೂರಬೇಕು.

ಅದೂ ಈ ವರ್ಷ. ಸೆಪ್ಟೆಂಬರಿನ ಸೆಟ್ ನಮ್ಮ ‘ಸಿಗ್ರಿಡ್’ ಫೆರಿ ಎಂದು ನೀವೇ ಪ್ರಕಟಿಸಿದ್ದೀರಿ. ಸೇತುವೆ ಬರುವ ಮುಂಚೆ ರೈಲುಗಳನ್ನೇ ಹೊಟ್ಟೆಯಲ್ಲಿಟ್ಟು ಇಲ್ಲಿಂದ ಆಚೆ ದಡದ ಕೊರ್ಸೋರ್‌ಗೆ ಒಯ್ಯುತ್ತಿದ್ದ ಹಡಗು. ಆಸ್ಗರ್ ಅದರ ಕ್ಯಾಂಟೀನಿನಲ್ಲಿ ಟ್ರೇ ಹೊತ್ತು ಯೌವನ ಕಳೆದವನು. ಸೇತುವೆ ಮುಗಿಯುವ ಹೊತ್ತಿಗೆ ಅವನ ದೃಷ್ಟಿಯೂ ಮುಗಿದಿತ್ತು. “ಆ ಸೇತುವೆ ನಾನು ಕಣ್ಣಾರೆ ನೋಡಿದ್ದಲ್ಲಪ್ಪ, ನನಗದು ಗಾಳಿಸುದ್ದಿ” ಎನ್ನುತ್ತಿರುತ್ತಾನೆ.

ಒಂದು ವಿನಾಯಿತಿ ಕೊಡಿಸು. ಈ ಪತ್ರವನ್ನು ಅವನ ಕೈಗೇ ಕೊಡುತ್ತಿದ್ದೇನೆ. ಬಂದರಿನ ಮೂಲೆಯ ಕೆಂಪು ಪೆಟ್ಟಿಗೆಗೆ ಕಾಗದ ಹಾಕುವುದು ಅವನ ಹಕ್ಕು. ಒಬ್ಬನೇ, ಕೋಲು ಬೀಸಿಕೊಂಡು ಹೋಗುತ್ತಾನೆ, ದಾರಿಯೆಲ್ಲ ಬಾಯಿಪಾಠ.

ಇಂತು,
ಬೊಡಿಲ್ ಕ್ರಾಗ್

•

೩ ಮಾರ್ಚ್ ೨೦೨೫

ಪ್ರೀತಿಯ ಬೊಡಿಲ್,

‘ಮಾನ್ಯ ಗ್ರಾಹಕರೇ’ ನನ್ನ ಮಾತಲ್ಲ. ಆದರೂ ನಾಚಿಕೆಯಾಯಿತು.

ಹೋದ ವರ್ಷ ಮೂರು ಸೆಟ್‌ಗಳ ಚಿತ್ರ ತಿಂಗಳುಗಳ ಮೊದಲೇ ಹೊರಬಿದ್ದು, ನಕಲು ಮಾಡುವವರು ನಮಗಿಂತ ಮುಂಚೆ ಮಾರಿಬಿಟ್ಟರು. ಮೇಲಿನವರು ಹೆದರಿದ್ದಾರೆ. ಹೆದರಿದವರ ಜೊತೆ ವಾದ ಮಾಡಿ ಆಸ್ಗರ್ ಹೆಸರಿನಲ್ಲಿ ಒಂದು ಮಾದರಿಗೆ ಒಪ್ಪಿಗೆ ಪಡೆದಿದ್ದೇನೆ. ಹೊರದೇಶದ ಕೆಲವು ಸಂಘಗಳಿಗೂ ಇಂಥದೇ ಕಾರಣಗಳಿಗೆ ಕೊಟ್ಟಿದ್ದಾರೆ. ಷರತ್ತು ಒಂದೇ: ನೀವು ಮತ್ತು ಆಸ್ಗರ್, ಇಬ್ಬರೇ. ಸಂಘದ ಬೇರೆಯವರಿಗೂ ಬೇಡ.

ಆಸ್ಗರ್‌ಗೆ ನನ್ನ ನಮಸ್ಕಾರ. ಅವರು ತಮಾಷೆಗೆ ನನ್ನನ್ನು ಈಗಲೂ ‘ಸಣ್ಣ ಇಟ್ಟಿಗೆ’ ಎಂದೇ ಕರೆಯುತ್ತಾರಾ?

ನಿಮ್ಮ
ಟ್ರೋಲ್ಸ್

•

ನ್ಯೂಬೋರ್ಗ್, ೨ ಮೇ ೨೦೨೫

ಪ್ರಿಯ ಟ್ರೋಲ್ಸ್,

ಮಾದರಿ ತಲುಪಿತು. ಈಸ್ಟರ್ ಹಬ್ಬವಿಡೀ ಯಂತ್ರದ ಮುಂದೆ ಕೂತು ಮಾತಾಗಿಸಿದೆ. ಆಸ್ಗರ್ ತನ್ನ ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸಕ್ಕೆ ಒಮ್ಮೆ ಕಟ್ಟತೊಡಗಿದ್ದಾನೆ. ಎಡಗೈ ನನ್ನ ಹಾಳೆಯ ಮೇಲೆ, ಬಲಗೈ ಬಿಲ್ಲೆಗಳ ಮೇಲೆ. ರೈಲು ಹಳಿಯ ಅಂತಸ್ತು ಮುಗಿದ ದಿನ ಬೆರಳನ್ನು ಹಳಿಯುದ್ದಕ್ಕೂ ಓಡಿಸಿ, “ಆರ್ಹೂಸ್ ಗಾಡಿ ಒಳಗೆ ಬಂತು, ಬ್ರೇಕ್ ಹಾಕ್ರೋ” ಎಂದು ಕೂಗಿದ. ಇಷ್ಟು ಖುಷಿಯಾಗಿ ಅವನನ್ನು ನಾನು ಕಂಡು ಬಹಳ ವರ್ಷವಾಗಿತ್ತು.

ಆಮೇಲೆ ಅವನ ಕೈ ನಿಂತಿತು.

“ಬೊಡಿಲ್, ಈ ಸಾಲು ಸರಿಯಾಗಿ ಹೊಡೆದಿದೀಯಾ?”

“ಕಂಡಿದ್ದನ್ನೇ ಹೊಡೆದಿದೀನಿ.”

“ಹಂಗಾದ್ರೆ ಕಂಪನಿಯೋರಿಗೆ ತಲೆ ಕೆಟ್ಟಿದೆ. ಮೆಟ್ಲು ಹತ್ತಿ ತಲೆ ಎತ್ತಿದ್ ಕೂಡ್ಲೆ ಅಡುಗೆಮನೆ ಬಿಸಿ ಮುಖಕ್ಕೆ ಬಡೀತಿತ್ತು ಕಣೇ. ಕರಿದ ಮೀನಿನ ವಾಸ್ನೆ. ಇಲ್ಲಿ ನೋಡಿದ್ರೆ ಮೆಟ್ಲನ್ನ ಆ ತುದೀಲಿ, ಸಿಗರೇಟು ಸೇದೋರ ಕೋಣೆ ಪಕ್ಕ ತಂದು ನಿಲ್ಲಿಸಿದಾರೆ.”

“ಮೂಲ ನಕ್ಷೆ ನೋಡಿ ಮಾಡಿದ್ದಂತೆ ಆಸ್ಗರ್. ಕರಪತ್ರದಲ್ಲಿ ಹಾಕಿದಾರೆ.”

“ನಕ್ಷೆ ಟ್ರೇ ಹೊತ್ಕೊಂಡು ಹತ್ತಿತ್ತಾ?”

ನಾನೂ ಆ ಹಡಗಿನಲ್ಲಿ ನೂರಾರು ಸಲ ಹೋಗಿದ್ದೇನೆ. ಆದರೆ ಮೆಟ್ಟಿಲು ಎಲ್ಲಿತ್ತೆಂದು ಹೇಳಲಾರೆ. ಯಾವಾಗಲೂ ಪುಸ್ತಕ ಓದುತ್ತಾ ಹತ್ತಿರಬೇಕು. ಗ್ರಂಥಾಲಯದಲ್ಲಿ ಹುಡುಕಿದೆ. ಹೊರಗಿನ ಚಿತ್ರಗಳೇ ಎಲ್ಲ. ಹಡಗು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು.

ಕೈಪಿಡಿ ಮುದ್ರಣಕ್ಕೆ ಹೋಗುವ ಮುಂಚೆ ಒಮ್ಮೆ ನೋಡಿ ತಿಳಿಸು. ಮುದುಕ ಕ್ಲಿಂಟ್ ಇಂಥದಕ್ಕೇ ಬೂಟಿನ ಡಬ್ಬ ತರುತ್ತಿದ್ದ.

ಇಂತು,
ಬೊಡಿಲ್

•

ನ್ಯೂಬೋರ್ಗ್, ೧೨ ಜೂನ್ ೨೦೨೫

ಟ್ರೋಲ್ಸ್,

ನಿನ್ನ ಉತ್ತರವಿಲ್ಲ. ಎರಡು ಸಲ ಕಚೇರಿಗೆ ಫೋನ್ ಮಾಡಿದೆ. ‘ಸಭೆಯಲ್ಲಿದ್ದಾರೆ.’

ಆಸ್ಗರ್ ದಿನಾ ಕೇಳುತ್ತಾನೆ: “ಸಣ್ಣ ಇಟ್ಟಿಗೆ ಏನಾದ್ರೂ ಬರೆದ್ನಾ?” ಮೊದಮೊದಲು ಜೋರಾಗಿ ಕೇಳುತ್ತಿದ್ದ. ಈಗ ಮೆಲ್ಲಗೆ ಕೇಳುತ್ತಾನೆ. ನಿನ್ನೆ ಹೇಳಿದ, “ಅಷ್ಟು ದೊಡ್ಡ ಕಂಪನಿ, ನಕ್ಷೆ ಇಟ್ಕೊಂಡಿರೋರು. ನಂದೇ ತಪ್ಪಿರ್ಬೋದು.” ಹೇಳುವಾಗ ಬೆರಳು ಆ ಪುಟ್ಟ ಮೆಟ್ಟಿಲ ಮೇಲೆಯೇ ಇತ್ತು.

ಜೊತೆಯಲ್ಲಿದ್ದ ಹಡಗಿನವರನ್ನು ಕೇಳಬೇಕು ಎನ್ನುತ್ತಿದ್ದಾನೆ. ಬೇಡ ಎಂದಿದ್ದೇನೆ, ನಿನ್ನ ಷರತ್ತು ನನಗೆ ನೆನಪಿದೆ. ಎಷ್ಟು ದಿನ ತಡೆಯಲಿ? ಒಂದು ಸಾಲು ಬರೆ.

ಬೊಡಿಲ್

•

೨೭ ಜೂನ್ ೨೦೨೫

ಮಾನ್ಯ ಶ್ರೀಮತಿ ಕ್ರಾಗ್ ಅವರಿಗೆ,

‘ಸಿಗ್ರಿಡ್’ ಸೆಟ್ಟಿನ ಒಳವಿನ್ಯಾಸದ ಗೋಪ್ಯ ವಿವರವೊಂದು ಹಳೆಯ ನಾವಿಕರ ಅಂತರ್ಜಾಲ ಪುಟವೊಂದರಲ್ಲಿ ಪ್ರಕಟವಾಗಿ, ಅಲ್ಲಿಂದ ಅನ್ಯ ಜಾಲತಾಣಗಳಿಗೆ ಹರಡಿರುವುದು ನಮ್ಮ ಗಮನಕ್ಕೆ ಬಂದಿದೆ. ಸೋರಿಕೆಯ ಮೂಲ ತಮಗೆ ನೀಡಲಾದ ಪ್ರತಿಯೇ ಎಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ಖಚಿತವಾಗಿದೆ.

ಆದ್ದರಿಂದ ನ್ಯೂಬೋರ್ಗ್ ಸಂಘವನ್ನು ಮುನ್ನೋಟದ ಸೌಲಭ್ಯದಿಂದ ಶಾಶ್ವತವಾಗಿ ಕೈಬಿಡಲಾಗಿದೆ. ಮಾದರಿಯನ್ನು ಎಲ್ಲ ಬಿಡಿಭಾಗಗಳೊಂದಿಗೆ ಹಾಗೂ ಅದರಿಂದ ಸಿದ್ಧಪಡಿಸಿದ ಎಲ್ಲ ಬರಹಗಳೊಂದಿಗೆ ಕೂಡಲೇ ಹಿಂದಿರುಗಿಸತಕ್ಕದ್ದು.

ಟ್ರೋಲ್ಸ್ ವಿಂಥರ್
ಸಂಪರ್ಕಾಧಿಕಾರಿ

•

ನ್ಯೂಬೋರ್ಗ್, ೧ ಜುಲೈ ೨೦೨೫

ಮಾನ್ಯ ಸಂಪರ್ಕಾಧಿಕಾರಿಗಳೇ,

ಹೌದು. ಆಸ್ಗರ್ ನನಗೆ ಹೇಳದೆ ಕೊರ್ಸೋರ್‌ನ ವೆರ್ನರ್‌ಗೆ ಫೋನ್ ಮಾಡಿದ. ವೆರ್ನರ್ ಸಿಗ್ರಿಡ್‌ನ ಕೆಳಗಿನ ಅಂತಸ್ತಿನಲ್ಲಿ ರೈಲುಡಬ್ಬಿಗಳಿಗೆ ಸರಪಳಿ ಹಾಕುತ್ತಿದ್ದವನು. “ನಾನು ಕೆಳಗಿನೋನು ಮಾರಾಯ, ಮೇಲಿನ ಮೆಟ್ಲು ನನಗೇನ್ ಗೊತ್ತು, ತಡಿ ಕೇಳ್ತೀನಿ” ಎಂದು ತನ್ನ ನಾವಿಕರ ಪುಟದಲ್ಲಿ ಕೇಳಿಬಿಟ್ಟ: ‘ಹೊಸ ಸೆಟ್ಟಿನಲ್ಲಿ ಮೆಟ್ಟಿಲು ಸಿಗರೇಟು ಕೋಣೆ ಪಕ್ಕ ಇದೆಯಂತೆ, ಹಂಗಿತ್ತಾ?’ ಅಲ್ಲಿ ಉಳಿದಿರುವವರು ಏಳೆಂಟು ಮುದುಕರು. ಒಬ್ಬೊಬ್ಬರು ಒಂದೊಂದು ಹೇಳಿದರು. ಆಸ್ಗರ್‌ಗೆ ಉತ್ತರ ಸಿಗಲಿಲ್ಲ. ನಿಮಗೆ ಕಳ್ಳ ಸಿಕ್ಕ.

ಆ ಪ್ರಶ್ನೆಯನ್ನು ಮೇ ತಿಂಗಳಲ್ಲೇ ನಿನಗೆ ಕೇಳಿದ್ದೆವು. ನೀನು ಒಂದು ಸಾಲು ಬರೆದಿದ್ದರೆ ಅವನು ಫೋನು ಮುಟ್ಟುತ್ತಿರಲಿಲ್ಲ.

ಮಾದರಿ ಇದರೊಂದಿಗಿದೆ. ಆಸ್ಗರ್ ತಾನೇ ಬಿಚ್ಚಿದ, ಒಂದೊಂದೇ ಬಿಲ್ಲೆ. ನಾನು ಸಹಾಯ ಮಾಡಲು ಹೋದರೆ ಕೈ ಸರಿಸಿದ. ಮೆಟ್ಟಿಲನ್ನು ಕೊನೆಗೆ ಉಳಿಸಿಕೊಂಡಿದ್ದ. ನನ್ನ ಬ್ರೈಲ್ ಹಾಳೆಗಳನ್ನೂ ಕೇಳಿದ್ದೀರಲ್ಲ, ಅವೂ ಇವೆ. ನಿಮ್ಮ ಕಚೇರಿಯಲ್ಲಿ ಅವನ್ನು ಓದಬಲ್ಲವರು ಯಾರಿದ್ದಾರೋ ನಾನರಿಯೆ.

ಒಂದು ಮಾತ್ರ ಅರ್ಥವಾಗಲಿಲ್ಲ. ಇಷ್ಟು ಸಂಘಗಳಿಗೆ ಪ್ರತಿ ಕಳಿಸಿದ್ದೀರಿ. ಸೋರಿದ್ದು ನಮ್ಮದೇ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳಿದಿರಿ?

ಬೊಡಿಲ್ ಕ್ರಾಗ್
ಗ್ರಾಹಕಿ

•

ನ್ಯೂಬೋರ್ಗ್, ೮ ಸೆಪ್ಟೆಂಬರ್ ೨೦೨೫

ಟ್ರೋಲ್ಸ್,

ಶನಿವಾರ ಸಿಗ್ರಿಡ್ ಅಂಗಡಿಗೆ ಬಂತು. ಸಂಘದವರು ಸಭಾಂಗಣದಲ್ಲಿ ಸೇರಿದೆವು. ಆಸ್ಗರ್‌ನ ಕುರ್ಚಿ ಖಾಲಿ. ಯಾರೂ ಅದನ್ನು ಪಕ್ಕಕ್ಕೆ ಸರಿಸಲಿಲ್ಲ, ಯಾರೂ ಕೂರಲೂ ಇಲ್ಲ.

ಕಟ್ಟುತ್ತಾ ಮೆಟ್ಟಿಲಿಗೆ ಬಂದೆ. ಕೈಪಿಡಿಯ ಚಿತ್ರ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಮೆಟ್ಟಿಲು ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿದೆ. ಹತ್ತಿ ತಲೆ ಎತ್ತಿದರೆ ಬಿಸಿ ಮುಖಕ್ಕೆ ಬಡಿಯುವ ಜಾಗದಲ್ಲಿ.

ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ಪಾಠ ಬೇರೆ ಇದ್ದರೆ ನಡುವೆ ಒಂದು ಕೈ ಆಡಿದೆ ಎಂದೇ ಅರ್ಥ. ಹಿಂದೆ ಭೂಪಟ ಮಾಡುವವರು ನಕಲು ಕಳ್ಳರನ್ನು ಹಿಡಿಯಲು ಊರಿನಲ್ಲಿ ಇಲ್ಲದ ಬೀದಿಯೊಂದನ್ನು ಸೇರಿಸುತ್ತಿದ್ದರಂತೆ. ಆ ಬೀದಿಯನ್ನು ನಂಬಿ ಯಾರಾದರೂ ನಡೆದು ಹೋದರೇ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ನಮ್ಮಲ್ಲಿ ಒಬ್ಬ ನಡೆದು ಹೋದ. ಜುಲೈಯಿಂದ ಆಸ್ಗರ್ ಒಬ್ಬನೇ ಮನೆಯಿಂದ ಹೊರಬೀಳುತ್ತಿಲ್ಲ. ಬಂದರಿಗಿಲ್ಲ, ಬ್ರೆಡ್ಡಿನ ಅಂಗಡಿಗಿಲ್ಲ. ಕಾರಣ ಕೇಳಿದೆ. “ಹತ್ತೊಂಬತ್ತು ವರ್ಷ ಹತ್ತಿದ್ ಮೆಟ್ಲೇ ಎಲ್ಲಿತ್ತು ಅಂತ ನೆನಪಿಲ್ದೋನು ರಸ್ತೆ ಹೆಂಗೆ ದಾಟ್ಲಿ ಬೊಡಿಲ್? ನಂಗೆ ಇರೋದು ನೆನಪೊಂದೇ ಅಲ್ವಾ. ಅದೇ ಕೈ ಕೊಟ್ಮೇಲೆ ಕೋಲು ಏನ್ ಮಾಡುತ್ತೆ?” ಎಂದ. ಅಳಲಿಲ್ಲ. ಬೇರೆ ಯಾರದೋ ವಿಷಯ ಮಾತಾಡುವಂತೆ ಹೇಳಿದ.

ಬೇಕೆಂದೇ ಮಾಡಿದಿರಾ? ಹೌದೋ ಅಲ್ಲವೋ, ಅಷ್ಟು ಬರೆ.

ಬೊಡಿಲ್

•

೨ ಅಕ್ಟೋಬರ್ ೨೦೨೫

ಬೊಡಿಲ್,

ಹೌದು.

ಒಂದೊಂದು ಸಂಘದ ಪ್ರತಿಯಲ್ಲೂ ಒಂದೊಂದು ಬೇರೆ ತಪ್ಪು ಇಟ್ಟಿದ್ದೆವು. ಒಂದರಲ್ಲಿ ಹೊಗೆಕೊಳವೆಯ ಪಟ್ಟಿ, ಇನ್ನೊಂದರಲ್ಲಿ ಜೀವರಕ್ಷಕ ದೋಣಿ. ಏನು ಸೋರಿತು ಎಂದು ನೋಡಿದರೆ ಯಾರಿಂದ ಎಂದು ತಿಳಿಯುತ್ತದೆ. ನಿಮ್ಮ ಪ್ರತಿಯ ತಪ್ಪಿಗೆ ಜಾಗ ಹುಡುಕಿದ್ದು ನಾನೇ. ಯಾರಿಗೂ ನೋವಾಗದಂಥದ್ದು ಇರಲಿ ಎಂದು ಮೆಟ್ಟಿಲನ್ನು ಆರಿಸಿದೆ. ಹಡಗಿನ ಮೆಟ್ಟಿಲನ್ನು ಯಾವ ಪ್ರಯಾಣಿಕ ನೆನಪಿಡುತ್ತಾನೆ ಎಂದುಕೊಂಡೆ. ಟ್ರೇ ಹೊತ್ತು ಹತ್ತಿದವರು ಹೊಳೆಯಲೇ ಇಲ್ಲ.

ನಿಮ್ಮ ಮೇ ತಿಂಗಳ ಪತ್ರ ಬಂದಾಗ ಹೊಳೆಯಿತು. ‘ಆಸ್ಗರ್ ಹೇಳಿದ್ದು ಸರಿ’ ಎಂದು ಬರೆದರೆ ಇಡೀ ಏರ್ಪಾಡು ಬಯಲಾಗುತ್ತದೆ. ‘ತಪ್ಪು’ ಎಂದು ಬರೆಯಲು ಕೈ ಬರಲಿಲ್ಲ. ಹಾಗಾಗಿ ಬರೆಯಲೇ ಇಲ್ಲ. ಆಸ್ಗರ್ ಸುಮ್ಮನಾಗುತ್ತಾರೆ ಎಂದುಕೊಂಡೆ.

ಈ ಪತ್ರ ಬರೆದದ್ದಕ್ಕೇ ನನ್ನ ಕೆಲಸ ಹೋಗಬಹುದು. ಓದಿ ಸುಟ್ಟುಬಿಡಿ. ಆಸ್ಗರ್‌ಗೆ ಹೇಗಾದರೂ ನೀವೇ ಹೇಳಿ.

ಟ್ರೋಲ್ಸ್

•

ನ್ಯೂಬೋರ್ಗ್, ೨ ನವೆಂಬರ್ ೨೦೨೫

ಟ್ರೋಲ್ಸ್,

ಹೇಳಿದೆ. ಅಂಗಡಿಯಿಂದ ಕೊಂಡು ನಾನು ಕಟ್ಟಿದ್ದ ಹಡಗನ್ನೇ ಎತ್ತಿಕೊಂಡು ಹೋಗಿ ಅವನ ಮೇಜಿನ ಮೇಲಿಟ್ಟೆ. ಅದರ ಕೊನೆಯ ಬಿಲ್ಲೆ ನಾನು ಒತ್ತಿಲ್ಲ. ಸೆಪ್ಟೆಂಬರಿನ ಆ ಶನಿವಾರದ ಸದ್ದಿಗೆ ನನ್ನದು ಸೇರಲಿಲ್ಲ, ಕೋಟಿನ ಜೇಬಿನಲ್ಲಿತ್ತು.

ಅವನು ಬೆರಳಾಡಿಸುತ್ತಾ ಮೆಟ್ಟಿಲಿಗೆ ಬಂದ. ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

“ಇದು ಅಂಗಡೀದು,” ಎಂದೆ. “ನೀನು ಹೇಳಿದ ಹಾಗೇ ಇದೆ.”

“ನೀನು ಕಟ್ಟಿದ್ದು ತಾನೆ?”

“ಹೂಂ.”

“ಬಿಚ್ಚಿ ಎಲ್ಲಿ ಬೇಕಾದ್ರೂ ಕೂರಿಸ್ಬೋದು ಬೊಡಿಲ್. ಇಟ್ಟಿಗೆ ಇರೋದೇ ಅದಕ್ಕೆ. ನೀನು ಒಳ್ಳೆಯವಳು ಕಣೇ, ಆದ್ರೆ ಇಂಥದ್ದೆಲ್ಲ ಮಾಡ್ಬೇಡ.”

ಕೈಪಿಡಿ ಇದೆ ಎಂದೆ. ಅದು ಅವನ ಪಾಲಿಗೆ ನುಣುಪಾದ ಕಾಗದ. ಸಂಘದವರನ್ನು ಕರೆದು ಹೇಳಿಸಲೇ ಎಂದೆ. “ಎಲ್ಲರಿಗೂ ಪಾಠ ಮಾಡಿ ಕರ್ಕೊಂಬರ್ತೀಯ, ಗೊತ್ತು” ಎಂದ. ಕೊನೆಗೆ ನಿನ್ನ ಪತ್ರ ಓದಿದೆ, ಪೂರ್ತಿ, ಎರಡು ಸಲ. ಅವನು ಹಾಳೆಯನ್ನು ಕೈಗೆ ತೆಗೆದುಕೊಂಡು ಸವರಿ ನೋಡಿ, ವಾಪಸು ಕೊಟ್ಟ.

“ಚೆನ್ನಾಗಿದೆ. ಇದು ಅವನು ಬರ್ದಿರೋದಾ, ನೀನು ಈಗ ಕೂತು ಕಟ್ತಿರೋದಾ?”

ಮೂವತ್ತು ವರ್ಷ ಅವನಿಗೆ ಓದಿ ಹೇಳಿದ್ದೇನೆ, ಟ್ರೋಲ್ಸ್. ಪತ್ರಿಕೆ, ವೈದ್ಯರ ಚೀಟಿ, ಅವನ ಅಕ್ಕ ತೀರಿಕೊಂಡ ಸುದ್ದಿ. ಎಂದೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ತಪ್ಪು ಮೆಟ್ಟಿಲನ್ನು ಅವನ ಕೈಗೆ ಓದಿಸಿದೆನಲ್ಲ. ಹಾಗಾಗಿ ಈಗ ನನ್ನ ಸರಿಯೂ ಅವನಿಗೆ ಸಾಲದು.

ನೀನೇ ಬರೆಯಬೇಕು. ಶಾಯಿಯಲ್ಲಲ್ಲ, ಅವನ ಬೆರಳು ಓದುವಂತೆ ಚುಕ್ಕಿಗಳಲ್ಲಿ. ನಾನು ಯಂತ್ರದಲ್ಲಿ ಹೊಡೆದುಕೊಟ್ಟರೆ ನನ್ನ ಯಂತ್ರವನ್ನು ಅವನು ಗುರುತಿಸುತ್ತಾನೆ.

ಬೇಗ ಬರೆ. ಡಿಸೆಂಬರ್ ಮುಗಿದರೆ ದೇಶದಲ್ಲೆಲ್ಲ ಅಂಚೆಯವರು ಕಾಗದ ಹಂಚುವುದನ್ನೇ ನಿಲ್ಲಿಸುತ್ತಾರೆ. ಬಂದರಿನ ಮೂಲೆಯ ಕೆಂಪು ಪೆಟ್ಟಿಗೆಯನ್ನು ಬೇಸಗೆಯಲ್ಲೇ ಕಿತ್ತುಕೊಂಡು ಹೋದರು. ಆಸ್ಗರ್‌ಗೆ ಹೇಳಿಲ್ಲ. ಹೊರಗೆ ಹೋಗದವನಿಗೆ ಹೇಳಿ ಏನು ಪ್ರಯೋಜನ?

ನಿನ್ನ ಪತ್ರ ಸುಡಲಿಲ್ಲ. ಪುಸ್ತಕದವಳಿಗೆ ಕಾಗದ ಸುಡಲು ಹೇಳಬೇಡ.

ಬೊಡಿಲ್

•

ನ್ಯೂಬೋರ್ಗ್, ೧೧ ಡಿಸೆಂಬರ್ ೨೦೨೫

ಸಣ್ಣ ಇಟ್ಟಿಗೆ,

ಇದನ್ನು ಮಾತಾಡುವ ಕಂಪ್ಯೂಟರಿನಲ್ಲಿ ನಾನೇ ಬೆರಳಚ್ಚು ಮಾಡುತ್ತಿದ್ದೇನೆ. ಬೊಡಿಲ್‌ಗೆ ತೋರಿಸಿಲ್ಲ. ಅಕ್ಷರ ತಪ್ಪಿದ್ದರೆ ಅದು ನನ್ನದೇ.

ನಿನ್ನ ದಪ್ಪ ಹಾಳೆ ಮೊನ್ನೆ ಬಂತು. ಬೆರಳಿಟ್ಟೆ, ಏನೂ ತಿಳಿಯಲಿಲ್ಲ. ಯಾವುದೋ ಪರದೇಶದ ಭಾಷೆ ಎಂದುಕೊಂಡೆ. ಕಾಫಿ ಆರುವವರೆಗೂ ಸವರಿದೆ. ಆಮೇಲೆ ನಗು ಬಂತು. ಎಷ್ಟೋ ತಿಂಗಳ ಮೇಲೆ. ನೀನು ಬ್ರೈಲ್ ಚುಚ್ಚುವ ಹಲಗೆ ಮತ್ತು ಮೊಳೆ ಕೊಂಡು, ಪುಸ್ತಕದಲ್ಲಿ ಕಂಡ ಹಾಗೆಯೇ ಎಡದಿಂದ ಬಲಕ್ಕೆ ಚುಚ್ಚಿದ್ದೀಯ. ಪೆದ್ದ, ಚುಚ್ಚುವುದು ಹಾಳೆಯ ಬೆನ್ನಿನಿಂದ. ಬಲದಿಂದ ಶುರುಮಾಡಿ, ಪ್ರತಿ ಅಕ್ಷರವನ್ನೂ ತಿರುಗಿಸಿ ಚುಚ್ಚಬೇಕು, ಆಗ ಮಗುಚಿದಾಗ ನೆಟ್ಟಗಾಗುತ್ತದೆ. ನಿನ್ನದು ಪೂರ್ತಿ ಕನ್ನಡಿಯೊಳಗಿನ ಬರಹ. ಕಲಿಯುವ ಮೊದಲ ವಾರ ನಾನೂ ಇದೇ ತಪ್ಪು ಮಾಡಿದ್ದೆ. ಬೊಡಿಲ್‌ಗೆ ಈ ತಪ್ಪು ಮಾಡಲು ಬರುವುದೇ ಇಲ್ಲ, ಅವಳ ಯಂತ್ರ ಬಿಡುವುದಿಲ್ಲ.

ಬಲತುದಿಯಿಂದ ಹಿಂದಕ್ಕೆ ಓದಿದೆ. ‘ಮೆಟ್ಟಿಲು ಅಡುಗೆಮನೆ ಪಕ್ಕದಲ್ಲೇ ಇತ್ತು. ಬದಲಿಸಿದ್ದು ನಾನು. ಟ್ರೋಲ್ಸ್.’ ಕಾಗದ ಎರಡು ಕಡೆ ಹರಿದಿದೆ. ಕೈ ನೊಂದಿರಬೇಕು.

ಲಕೋಟೆಯ ಮೇಲೆ ಕಂಪನಿಯ ವಿಳಾಸವಿಲ್ಲ, ನಿನ್ನ ತಂಗಿಯ ಮನೆಯದಿದೆ ಎಂದು ಬೊಡಿಲ್ ಹೇಳಿದಳು. ನಿನ್ನ ಕೆಲಸ ಹೋಯಿತೆಂದು ಊಹಿಸಿದೆ.

ಕ್ಷಮಿಸಿದೆ ಎಂದು ಬರೆಯಲು ಕೂತೆ, ಆಗುತ್ತಿಲ್ಲ. ನನ್ನ ತಲೆ ಕೆಟ್ಟಿತೆಂದು ನಾನು ನಂಬಿ ಬದುಕಿದ ಆ ತಿಂಗಳುಗಳನ್ನು ಬಿಚ್ಚಿ ಬೇರೆ ಕಡೆ ಕೂರಿಸಲು ಬರುವುದಿಲ್ಲ. ಬೊಡಿಲ್‌ಳ ಬಳಿ ಕ್ಷಮೆ ಕೇಳಿದೆ. ಅವಳು ಪರವಾಗಿಲ್ಲ ಎಂದಳು. ಆದರೆ ಈಗ ಪತ್ರಿಕೆ ಓದುವಾಗ ನಡುವೆ ನಿಲ್ಲಿಸಿ, “ಇದು ಇಲ್ಲಿ ಬರ್ದಿದೆ ಆಸ್ಗರ್” ಎನ್ನುತ್ತಾಳೆ. ಮೊದಲು ಹಾಗನ್ನುತ್ತಿರಲಿಲ್ಲ. ಅವಳ ಹಡಗು ನನ್ನ ಮೇಜಿನ ಮೇಲೇ ಇದೆ. ಕೊನೆಯ ಬಿಲ್ಲೆ ಕೊಟ್ಟು ಹೋಗಿದ್ದಾಳೆ. ಒತ್ತಿಲ್ಲ. ಒಬ್ಬನೇ ಒತ್ತಿದರೆ ಆ ಸದ್ದು ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿ ಅಂಚೆಗೆ ಹಾಕಿ ಬರುತ್ತೇನೆ.

ಮತ್ತೆ ಬರೆಯುತ್ತಿದ್ದೇನೆ, ಅದೇ ದಿನ. ಕೋಲು ತೆಗೆದುಕೊಂಡು ಒಬ್ಬನೇ ಹೊರಟೆ. ಬ್ರೆಡ್ಡಿನ ಅಂಗಡಿಯ ವಾಸನೆ, ಆಮೇಲೆ ಕಲ್ಲುಹಾಸು, ಆಮೇಲೆ ಗಾಳಿ ತಿರುಗುವ ಮೂಲೆ. ಎಲ್ಲವೂ ಅದರದರ ಜಾಗದಲ್ಲಿದ್ದವು. ಕಬ್ಬಿಣದ ಕಂಬ ಸಿಕ್ಕಿತು. ಕೈ ಚಾಚಿದೆ. ಪೆಟ್ಟಿಗೆ ಇಲ್ಲ. ಕಂಬವನ್ನು ಸುತ್ತಲೂ ಸವರಿದೆ. ತಿರುಪು ಕಿತ್ತ ತೂತುಗಳು ಕೈಗೆ ಸಿಕ್ಕವು, ಒಳಗೆ ನೀರು ನಿಂತಿತ್ತು.

ಯಾರೋ ಹುಡುಗಿ ಸೈಕಲ್ ನಿಲ್ಲಿಸಿದಳು. “ಏನ್ ಹುಡುಕ್ತಿದೀರಾ?”

“ಅಂಚೆ ಪೆಟ್ಟಿಗೆ.”

“ಇಲ್ಲಿ ಯಾವ ಪೆಟ್ಟಿಗೇನೂ ಇಲ್ವಲ್ಲ. ಬೇರೆ ಕಡೆ ಇರ್ಬೇಕು, ನಿಮಗೆ ಜಾಗ ತಪ್ಪಿರ್ಬೋದು.”

ಹೋದ ತಿಂಗಳಾಗಿದ್ದರೆ ಹೂಂ ಎಂದು ಅವಳ ತೋಳು ಹಿಡಿದು ಮನೆಗೆ ಬರುತ್ತಿದ್ದೆ.

“ಇಲ್ಲಮ್ಮ,” ಎಂದೆ. “ಇಲ್ಲೇ ಇತ್ತು.”

ಆಸ್ಗರ್